ಹಳದಿ ಪಟ್ಟಿ ಕಟ್ಟಿದ ಕಿತ್ತಳೆ

ಬೆಳಗಿನ ಆರೂ ಕಾಲು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಡಿಯರ್‌ಬಾರ್ನ್‌ನಿಂದ ಹನ್ನೆರಡು ಮೈಲಿ ದೂರದ ಹಳೆಯ ಎಸ್ಟೇಟಿನ ಗಾಜಿನ ಮನೆಯ ಮುಂದೆ ಗುರುದೇವಿ ನಿಂತಿದ್ದಾರೆ. ಕೀಲಿ ಕೈಯಲ್ಲೇ ಇದೆ. ಆದರೂ ಮೊದಲು ಬಾಗಿಲನ್ನು ಮೂರು ಸಲ ಬಡಿಯುತ್ತಾರೆ. ಒಳಗೆ ಯಾರೂ ಇಲ್ಲ. ಯಾರಿಗಾಗಿ ಬಡಿದಿರೆಂದು ಜೊತೆಗಿದ್ದ ನಾನು ಕೇಳುತ್ತೇನೆ.

“ಗಿಡಾ ಮಲಕೊಂಡಿರ್ತಾವ್ರೀ. ಹೊತ್ತು ಮುಳುಗಿದ ಮ್ಯಾಲೆ ಮುಟ್ಟಬ್ಯಾಡ ಅಂತ ನಮ್ಮವ್ವ ಬೈತಿದ್ಲು. ಎಬ್ಬಿಸದ ಒಳಗ ಹೋದ್ರ ಬೆದರ್ತಾವು.”

ಬಾದಾಮಿ ಕಡೆಯ ಈ ಐವತ್ತೆಂಟರ ಹೆಂಗಸಿಗೆ ಇಲ್ಲಿ ಹದಿನಾಲ್ಕು ವರ್ಷದಿಂದ ನೀರು ಹಾಕುವ ಕೆಲಸ. ದಿನಕ್ಕೆ ಇನ್ನೂರ ನಲವತ್ತು ಮಣ್ಣಿನ ಕುಂಡ. ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟುತ್ತಾರೆ. ಒಣಗಿದ್ದರೆ ‘ಠಣ್’, ಹಸಿಯಿದ್ದರೆ ‘ದಬ್’. ತೇವ ಅಳೆಯುವ ಯಂತ್ರವನ್ನು ಆಡಳಿತದವರು ಕೊಡಿಸಿದ್ದಾರೆ. ಅದು ಬಂದ ಡಬ್ಬಿಯಲ್ಲಿ ಗುರುದೇವಿ ಅವಲಕ್ಕಿ ತರುತ್ತಾರೆ.

ಗಂಡ ಶಿವಬಸಪ್ಪ ಕಾರಿನ ಬ್ರೇಕುಗಳ ಇಂಜಿನಿಯರ್. ಕನ್ನಡ ಸಂಘದ ಊಟದಲ್ಲಿ ತನಿಷಾ ಎಂಬ ಹುಡುಗಿ ಕೇಳಿದಳಂತೆ: “ಅಂಕಲ್ ಇಂಜಿನಿಯರ್ ಅಲ್ವಾ ಆಂಟಿ, ಈ ಚಳೀಲಿ ನೀವ್ಯಾಕೆ ಡ್ರೈವ್ ಮಾಡ್ಕೊಂಡ್ ಹೋಗಿ ನೀರು ಹಾಕ್ತೀರ?”

“ಅವ್ರು ಬ್ರೇಕ್ ನೋಡ್ತಾರ, ನಾ ಬೇರ್ ನೋಡ್ತೀನಿ. ನಿಂದೇನವಾ ತಕರಾರು?”

ಇಂಥ ಗಾಜಿನ ಮನೆಗಳು ಹುಟ್ಟಿದ್ದೇ ಹುಳಿಯ ಆಸೆಯಿಂದ. ಮುನ್ನೂರು ವರ್ಷದಾಚೆ ಯುರೋಪಿನ ದೊರೆಗಳಿಗೆ ಹಿಮಗಾಲದಲ್ಲೂ ಕಿತ್ತಳೆ ಬೇಕಿತ್ತು. ಉತ್ತರಕ್ಕೆ ದಪ್ಪ ಗೋಡೆ, ದಕ್ಷಿಣಕ್ಕೆ ಎತ್ತರದ ಕಿಟಕಿ, ಒಳಗೆ ಒಲೆ. ಗಿಡ ಬೆಚ್ಚಗಿರಲೆಂದು ಆಳುಗಳು ನಿದ್ದೆಗೆಟ್ಟು ಉರಿ ಹಾಕುತ್ತಿದ್ದರು. ಆಮೇಲೆ ಕಬ್ಬಿಣ, ಗಾಜು ಅಗ್ಗವಾದವು. ಚಾವಣಿಯೂ ಗಾಜಾಯಿತು, ನಮ್ಮ ಲಾಲ್‌ಬಾಗಿನವರೆಗೂ ಬಂತು. ಈಗ ಹಾಫ್‌ಮನ್ ಎಸ್ಟೇಟ್ಸ್‌ನಂಥ ಬಡಾವಣೆಗಳವರೂ ಹಿತ್ತಿಲಿಗೆ ಗಾಜಿನ ಕೋಣೆ ಅಂಟಿಸಿ ಜನವರಿಯಲ್ಲಿ ಹಸಿರಿನ ನಡುವೆ ಕಾಫಿ ಕುಡಿಯುತ್ತಾರೆ. ಹಳೆಯವು ಮದುವೆಗೆ ಬಾಡಿಗೆ ಹೋಗುತ್ತವೆ. ಗಿಡಕ್ಕಾಗಿ ಕಟ್ಟಿದ ಮನೆಯಲ್ಲಿ ಗಿಡವೀಗ ಫೋಟೋದ ಹಿನ್ನೆಲೆ.

ಆ ಹಿನ್ನೆಲೆಗೆ ಒಂದನೇ ಕುಂಡ ಒಗ್ಗುತ್ತಿಲ್ಲ. ಅದರಲ್ಲಿರುವುದು ಈ ಕಟ್ಟಡಕ್ಕಿಂತ ಹಳೆಯ ಹುಳಿ ಕಿತ್ತಳೆ. ಮೂರು ಚಳಿಗಾಲದಿಂದ ಒಂದೆಲೆಯೂ ಇಲ್ಲ. ಇಲ್ಲೇ ಹುಟ್ಟಿದ, ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲಿ ಉತ್ತರಿಸುವ ಮ್ಯಾನೇಜರ್ ನೀಲ್ ಅದಕ್ಕೊಂದು ಹಳದಿ ಪಟ್ಟಿ ಕಟ್ಟಿದ. ಅದನ್ನು ಒಯ್ಯಲು ಸೋಮವಾರ ಟ್ರಕ್ ಬರಲಿದೆ.

“ಹುಡುಗಗ ಬುದ್ಧಿ ಬಂತು, ಅರಿಷಿಣ ದಾರಾ ಕಟ್ಯಾನ ಅಂದ್ಕೊಂಡ್ನಿ,” ಎನ್ನುತ್ತಾರೆ ಗುರುದೇವಿ. ಉಳಿದವಕ್ಕೆ ಬೇಸರವಾಗದಿರಲೆಂದು ಅದೇ ಸುರುಳಿಯಿಂದ ಹನ್ನೊಂದು ಆರೋಗ್ಯವಂತ ಗಿಡಗಳಿಗೂ ಕಟ್ಟಿದರು. ನಿನ್ನೆ, ಶುಕ್ರವಾರ, ನೀಲ್ ನೋಡಿ ಕೂಗಿದ: “ಆಂಟಿ! ಯೆಲ್ಲೋ ಮೀನ್ಸ್ ಟ್ರಾಷ್!” ಕಸಕ್ಕೆ ಹೋಗುವ ಗಿಡದ ಗುರುತಂತೆ ಅದು. ಹನ್ನೊಂದನ್ನು ಬಿಚ್ಚಿದ್ದಾಯಿತು. ಒಂದು ಉಳಿದಿದೆ.

ಗುರುದೇವಿ ಆ ಕಿತ್ತಳೆಯನ್ನು ಬಿಟ್ಟುಕೊಡಲು ಒಪ್ಪುತ್ತಿಲ್ಲ. ಕಾರಣ ಕೇಳಿದರೆ ಸಾಲಿನ ಈ ತುದಿಯ ಕುಂಡವನ್ನು ಮೂರು ಸಲ ತಟ್ಟಿ, ಬೆರಳೆತ್ತಿ ಸುಮ್ಮನಿರುವಂತೆ ಸನ್ನೆ ಮಾಡುತ್ತಾರೆ. ಗಾಜಿನ ಮೇಲೆ ಮಂಜು ಇಳಿಯುತ್ತಿದೆ. ಅರವತ್ತು ಅಡಿ ಆಚೆ, ಒಂದನೇ ಕುಂಡದ ಬೋಳು ಕೊಂಬೆಗಳ ಕೆಳಗಿನಿಂದ ಸದ್ದು ಬರುತ್ತದೆ. ಮೂರು ಸಲ.

“ಸ್ಟೀಮ್ ಪೈಪ್ಸ್, ಆಂಟಿ. ದೇ ನಾಕ್,” ಎಂದು ಅಷ್ಟರಲ್ಲಿ ಬಂದ ನೀಲ್ ಮನೆ ಬೆಚ್ಚಗಿಡುವ ಹಬೆಯ ಪೈಪುಗಳನ್ನು ತೋರಿಸುತ್ತಾನೆ.

“ಇರಬೋದಪಾ. ಆದ್ರ ಪೈಪಿಗೆ ಮೂರ್ ಎಣಿಸಾಕ ಯಾರ್ ಕಲಿಸಿದ್ರು?”

ನೀಲ್ ನಕ್ಕು ಹಬೆಯ ವಾಲ್ವ್ ತಿರುಗಿಸಿ ನಿಲ್ಲಿಸುತ್ತಾನೆ. ಹತ್ತು ನಿಮಿಷ, ಅದಕ್ಕಿಂತ ಹೆಚ್ಚಾದರೆ ಗಿಡಗಳಿಗೆ ಅಪಾಯ. ಪೈಪುಗಳು ಮೌನವಾಗುತ್ತವೆ. ತಾನೇ ಹೋಗಿ ಒಂದನೇ ಕುಂಡ ತಟ್ಟುತ್ತಾನೆ, ಬೇಕೆಂದೇ ಐದು ಸಲ.

ಏನೂ ಇಲ್ಲ. ಅವನು ನಮ್ಮ ಕಡೆ ತಿರುಗಿ ಬಾಯಿ ತೆರೆಯುತ್ತಾನೆ.

ದಬ್. ದಬ್. ದಬ್. ದಬ್. ದಬ್.

“ಐರನ್ ಕೂಲ್ ಆದ್ರೆ ಸೌಂಡ್...” ಎಂದು ಶುರುಮಾಡುತ್ತಾನೆ, ಅದೂ ಅರ್ಧ ಕನ್ನಡದಲ್ಲಿ.

“ಠಣ್ ಅನಲಿಲ್ಲ ನೋಡು,” ಗುರುದೇವಿಯ ದನಿಯಲ್ಲಿ ಅಚ್ಚರಿ ಎಳ್ಳಷ್ಟೂ ಇಲ್ಲ. “ದಬ್ ಅಂತು. ಒಳಗ ಹಸಿ ಐತಿ.”

ನೀಲ್ ಹಬೆ ಬಿಡುತ್ತಾನೆ, ಹಳದಿ ಪಟ್ಟಿ ಬಿಚ್ಚಿ ಜೇಬಿಗೆ ಹಾಕುತ್ತಾನೆ, ಗಿಡಗಳ ಯಾದಿಯ ‘ಕಂಡೀಷನ್’ ಕಾಲಮ್ಮಿನಲ್ಲಿ ‘ಸ್ಟಿಲ್ ರೆಸ್ಪಾಂಡಿಂಗ್’ ಎಂದು ಬರೆಯುತ್ತಾನೆ. ಸೋಮವಾರದ ಟ್ರಕ್ಕನ್ನು ಬೇಡವೆನ್ನಲು ಫೋನು ಹಿಡಿದು ಹೊರಗೆ ಹೋಗುತ್ತಾನೆ, ಒಳಗಿನಿಂದಲೂ ಮಾತಾಡಬಹುದಿತ್ತು.

ಗುರುದೇವಿಗೆ ಏನು ಬೇಕು? ನೀರಿನ ಪೈಪು ಸುತ್ತಿಡುತ್ತಾ ಯೋಚಿಸುತ್ತಾರೆ. “ಹೂ ಬಿಡ್ಲಿ, ಕಾಯಿ ಬಿಡ್ಲಿ ಅಂತ ಕೇಳಂಗಿಲ್ರೀ. ನಾ ರಜಾ ಹಾಕಿದ ದಿನಾ ಯಾರರೆ ಬಾಗಲಾ ಬಡದು ಒಳಗ ಬಂದ್ರ ಸಾಕು.”

ಬಾಗಿಲು ಬಡಿದ ಸದ್ದು, ಮೂರು ಸಲ. ಗಾಜಿನಾಚೆ ನೀಲ್ ನಿಂತಿದ್ದಾನೆ, ಬಾಗಿಲು ತೆರೆದೇ ಇದೆ.

“ಕಲತಾ ನೋಡ್ರಿ,” ಎಂದು ಗುರುದೇವಿ ನಗುತ್ತಾರೆ. ಬಾ ಎಂದು ಅವರು ಕರೆಯುವ ಮೊದಲೇ ಒಂದನೇ ಕುಂಡ ಉತ್ತರ ಕೊಡುತ್ತದೆ.