ತೊಳೆದ ದ್ರಾಕ್ಷಿ

ಹೊಸನಗರ ಬಸ್‌ಸ್ಟ್ಯಾಂಡ್ ಎದುರು ದೊಡ್ಡಬಳ್ಳಾಪುರ ಕಡೆಯ ರೈತ ನಂಜಪ್ಪ ಪಿಕಪ್ಪಿನಲ್ಲಿ ದ್ರಾಕ್ಷಿ ಮಾರುತ್ತಿದ್ದರು. ಸಾಗರದ ಬಸ್ಸು ಬಂದಿರಲಿಲ್ಲ, ಹೋಗಿ ನಿಂತೆ. ಬೀಜವಿಲ್ಲದ ದ್ರಾಕ್ಷಿಯೆಲ್ಲ ಖರ್ಚಾಗಿ, ಬೀಜದ ಕಪ್ಪು ದ್ರಾಕ್ಷಿ ಒಂದೇ ಒಂದು ಕ್ರೇಟ್ ಉಳಿದಿತ್ತು. ಹಣ್ಣಿನ ಮೈಮೇಲೆಲ್ಲ ಬಿಳಿ ಬೂದಿ.

"ಇಷ್ಟು ಧೂಳು ಕೂತ್ರೆ ಯಾರು ತಗೋತಾರೆ ಮಾರಾಯ್ರೆ?" ಎಂದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಇದು ವೈನ್ ಮಾಡೋ ಅಮ್ಮಾರಿಗೆ ಇಟ್ಟಿರೋದು ಸಾ. ತೊಳ್ದೇ ಕೊಡಣ ಬಿಡಿ," ಎಂದು ನಂಜಪ್ಪ ಇಡೀ ಕ್ರೇಟಿಗೆ ನೀರು ಸುರಿದು, ಟವೆಲಿನಲ್ಲಿ ಒರೆಸಿದರು. ಹಣ್ಣು ಫಳಫಳ ಹೊಳೆಯಿತು.

ಅಷ್ಟರಲ್ಲಿ ಆ ಅಮ್ಮನೇ ಆಟೋದಿಂದ ಇಳಿದರು. ಫಿಲೋಮಿನಾ ಅಂತ, ಪ್ರತಿವರ್ಷ ಕ್ರಿಸ್‌ಮಸ್ ವೈನಿಗೆ ಇವರ ದ್ರಾಕ್ಷಿಯೇ ಆಗಬೇಕಂತೆ. ಹಣ್ಣು ಮುಟ್ಟಿದ್ದೇ ಅವರ ಮುಖ ಸಣ್ಣಗಾಯಿತು.

"ಎಂತ ನಂಜಪ್ಪೋರೇ, ತೊಳ್ದ್‌ಬಿಟ್ರಾ? ಆ ಬೂದಿ ಇದ್ರೇ ವೈನ್ ಹುದುಗು ಬರೋದು. ನಾವು ನೀರೇ ಮುಟ್ಸಲ್ಲ."

"ಗೊತ್ತಿರ್ನಿಲ್ಲಮ್ಮ. ನಾವು ಬೆಳ್ದು ವೈನ್ ಫ್ಯಾಕ್ಟ್ರಿಗೆ ಹಾಕೋರು, ಮಾಡೋದು ನೋಡಿಲ್ಲ."

"ಹೋಗ್ಲಿ, ಮುಂದಿನ ವರ್ಷ ಹಂಗೇ ತನ್ನಿ."

"ಮುಂದಿನ್ ವರ್ಷ ಎಲ್ಲೈತಮ್ಮ. ಪ್ಯಾಟೆ ಜನಕ್ಕೆ ಈಗ ಸಿಹಿ ವೈನ್ ಬ್ಯಾಡ್ವಂತೆ, ಫ್ಯಾಕ್ಟ್ರಿಯೋರು ನಮ್ ಹಣ್ಣು ತಗೊಳೋದು ಬಿಟ್ರು. ತಿನ್ನೋರಿಗೆ ಬೀಜ ಇರಬಾರ್ದು. ಬಳ್ಳಿ ಕಿತ್ತಾಕ್ಬಿಟ್ಟೆ. ಇದೇ ಕೊನೇದು."

ಫಿಲೋಮಿನಾ ಪರ್ಸು ತೆಗೆದು ದುಡ್ಡು ಎಣಿಸಿ ಕೊಟ್ಟರು. "ಆಟೋಕ್ಕೆ ಹಾಕಿ. ಜ್ಯೂಸಾದ್ರೂ ಆಗತ್ತೆ. ಅದ್ಸರಿ, ಇಷ್ಟು ವರ್ಷ ಇಲ್ದಿದ್ದು ಈ ಸಲ ಎಂತಕ್ಕೆ ತೊಳೆದ್ರಿ?"

"ನಂದೇ ತಪ್ಪು ಬಿಡಮ್ಮ," ಎಂದು ನಂಜಪ್ಪ ಕ್ರೇಟ್ ಎತ್ತಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಾಯಿ ಸುಮ್ಮನಿರದ ನಾನು ಆಗ ಮಾತ್ರ ಸುಮ್ಮನಿದ್ದೆ.