ಮೂರು ಕಾರಿಗೆ ಒಂದೇ ನೆಲ

ಬೆಳಗಿನ ಪಾಳಿ ಶುರುವಾಗಿ ಇಪ್ಪತ್ತು ನಿಮಿಷ. ಕಿಟಕಿಗಳಲ್ಲಿ ಇನ್ನೂ ಸರಿಯಾಗಿ ಬೆಳಕಿಲ್ಲ. ಕಾರ್ಖಾನೆಯ ಬೆಸುಗೆ ಸಾಲಿನ ಕೊನೆಯಲ್ಲಿ ಒಬ್ಬಾಕೆ ಕಾರಿನ ನೆಲದ ಮೇಲೆ ಬಗ್ಗಿದ್ದಾರೆ. ಉಳಿಯ ತುದಿಯನ್ನು ಎರಡು ತಗಡುಗಳ ನಡುವೆ ಇಟ್ಟು ಸುತ್ತಿಗೆಯಿಂದ ತಟ್ಟುತ್ತಾರೆ. ಟಣ್. ಪಕ್ಕದ ಬೆಸುಗೆ. ಟಣ್. ಚಾಲಕನ ಸೀಟು ಕೂರುವ ಜಾಗಕ್ಕೆ ಬಂದಾಗ ಕೈ ನಿಲ್ಲುತ್ತದೆ. ಮತ್ತೊಮ್ಮೆ ತಟ್ಟುತ್ತಾರೆ. ಸದ್ದು ಮೊಂಡಾಗಿದೆ.

ಕಾರ್ಖಾನೆಯಲ್ಲಿ ಈಕೆಗೆ ಕಿವಿಯಕ್ಕ ಎಂದೇ ಹೆಸರು. ಮೂರು ಕಂಪನಿಗಳು ಸೇರಿ ಒಂದು ಸಣ್ಣ ಕಾರಿನ ತಳವನ್ನು ರೂಪಿಸಿವೆ. ಮೇಲಿನ ಮೈ ಬೇರೆ, ಬೆಲೆ ಬೇರೆ, ಜಾಹೀರಾತು ಬೇರೆ. ಅಡಿಯ ನೆಲ ಒಂದೇ. ದಿನಕ್ಕೆ ಮುನ್ನೂರ ಅರವತ್ತು ನೆಲಗಳು ಈಕೆಯ ಮುಂದೆ ಹಾಯುತ್ತವೆ. ನಿಯಮದ ಪ್ರಕಾರ ಹತ್ತಕ್ಕೊಂದನ್ನು ತಟ್ಟಿ ನೋಡಬೇಕು. ಒಂದೊಂದರಲ್ಲೂ ನಲವತ್ತು ಬೆಸುಗೆ. ಹದಿನಾಲ್ಕು ವರ್ಷಗಳಲ್ಲಿ ಬಲಭುಜ ಸವೆದಿದೆ. ತಲೆ ಬಾಚಲು ಮಗಳು ಬೇಕು.

“ನನ್ನ ತಂಗಿ ಗಂಡ ತನ್ನ ಕಾರೇ ಗಟ್ಟಿ, ಪಕ್ಕದ್ಮನೆಯವರದ್ದು ಬರೀ ಡಬ್ಬ ಅಂತಾನೆ. ಎರಡೂ ಇಲ್ಲೇ ಹುಟ್ಟಿದ್ದು. ಯಾಕೆ ಹೇಳಿ ಅವನ ಸಂತೋಷ ಕೆಡಿಸ್ಲಿ?” ಎನ್ನುತ್ತಾರೆ ಈಕೆ.

ಹೋದ ತಿಂಗಳು ಇಂಥದೇ ಸದ್ದು ಕೇಳಿ ಈಕೆ ಸಾಲು ನಿಲ್ಲಿಸಿದ್ದರು. ನೆಲ ಸೀಳಿ ನೋಡಿದರೆ ಬೆಸುಗೆ ಸರಿಯಾಗಿಯೇ ಇತ್ತು. ಹನ್ನೊಂದು ನಿಮಿಷ ಹಾಳಾಯಿತೆಂದು ಕೈಗೆ ಪತ್ರ ಬಂತು: ಇನ್ನೊಮ್ಮೆ ತಪ್ಪಿದರೆ ಇಲ್ಲಿ ಕ್ಯಾಮೆರಾ ಕೂರುತ್ತದೆ, ಈಕೆ ಪ್ಯಾಕಿಂಗ್‌ ವಿಭಾಗಕ್ಕೆ.

ಪಾಳಿಯ ಮೇಸ್ತ್ರಿ ಪಕ್ಕಕ್ಕೆ ಬಂದು ದನಿ ತಗ್ಗಿಸುತ್ತಾನೆ. “ಅಕ್ಕಾ, ಇನ್ನೊಂದ್ಸಲ ಕೇಳಿಸ್ಕೋ. ಈ ಸಲ ನಿನ್ನ ಉಳಿಸೋಕೆ ನನ್ ಕೈಲಾಗಲ್ಲ.”

“ಕೇಳಿಸ್ಕೊಂಡಾಯ್ತು,” ಎಂದು ಸಾಲು ತಡೆಯುವ ಹಗ್ಗ ಎಳೆಯುತ್ತಾರೆ.

ಸಾಲು ನಿಲ್ಲುತ್ತದೆ. ಮೂರೂ ಕಂಪನಿಗಳ ಪ್ರತಿನಿಧಿಗಳು ಓಡಿ ಬರುತ್ತಾರೆ. ಏನಾಯಿತೆಂದು ಯಾರೂ ಕೇಳುವುದಿಲ್ಲ; ಯಾರ ಕಾರು ಎಂದು ಕೇಳುತ್ತಾರೆ. ಕಿವಿಯಕ್ಕ ಉಳಿಯನ್ನು ಪೂರ್ತಿ ಬಲ ಹಾಕಿ ಹೊಡೆಯುತ್ತಾರೆ. ಗಟ್ಟಿ ಬೆಸುಗೆಯಾದರೆ ತಗಡು ಹರಿದು ತೂತಾಗಬೇಕು. ಇಲ್ಲಿ ಮೇಲಿನ ತಗಡು ಅಂಟು ಒಣಗಿದ ಲಕೋಟೆಯಂತೆ ಸಲೀಸಾಗಿ ಏಳುತ್ತದೆ.

ಕಾರಣ ಬೇಗ ತಿಳಿಯುತ್ತದೆ. ಒಂದು ಕಂಪನಿಯ ಕಾರಿಗೆ ಸೀಟಿನಡಿ ದಪ್ಪ ತಗಡು. ಅದಕ್ಕೆ ಹೆಚ್ಚು ಕಾವು ಬೇಕು. ನೋಡಲು ಮೂರೂ ಒಂದೇ ಥರ ಇರುವುದರಿಂದ ರೋಬಾಟ್‌ ಸರದಿಯಲ್ಲಿ ಬರುವ, ಯಾವ ಕಾರೆಂದು ಬರೆದ ಚೀಟಿ ಓದಿ ಕಾವು ಕೊಡುತ್ತದೆ. ಪಾಳಿ ಬದಲಾಗುವಾಗ ಸೊಟ್ಟಗಿದ್ದ ಒಂದು ನೆಲವನ್ನು ಯಾರೋ ಹೊರಗೆ ತೆಗೆದಿದ್ದಾರೆ, ಅದರ ಚೀಟಿಯನ್ನು ತೆಗೆದಿಲ್ಲ. ಅಲ್ಲಿಂದಾಚೆಗೆ ಪ್ರತಿಯೊಂದಕ್ಕೂ ಹಿಂದಿನದರ ಚೀಟಿ.

ತಟ್ಟದೆ ಬಿಟ್ಟ ಒಂಬತ್ತು ನೆಲಗಳು ಆಗಲೇ ಮುಂದೆ ಹೋಗಿವೆ. ಬಣ್ಣದ ತೊಟ್ಟಿಗೆ ಇಳಿದರೆ ಸಂದಿಗಳೆಲ್ಲ ತುಂಬಿ ಸದ್ದೇ ಬದಲಾಗುತ್ತದೆ. ಆಮೇಲೆ ಯಾವ ಕಿವಿಗೂ ತಿಳಿಯದು. ಈಕೆ ಸುತ್ತಿಗೆ ಹಿಡಿದೇ ಓಡುತ್ತಾರೆ. ದಾರಿಯಲ್ಲಿ ಎಂಟು ನಿಂತಿವೆ. ಬಣ್ಣದ ಸಾಲು ಬೇರೆ, ಅದು ನಿಂತಿಲ್ಲ; ಒಂಬತ್ತನೆಯದು ಕೊಕ್ಕೆಯಲ್ಲಿ ತೂಗುತ್ತ ತೊಟ್ಟಿಯ ಕಡೆಗೆ ಇಳಿಯುತ್ತಿದೆ. ಕಾಗದವಿಲ್ಲದೆ ನಿಲ್ಲಿಸುವಂತಿಲ್ಲ ಎಂದು ಅಲ್ಲಿಯವನು ಹೇಳಿ ಮುಗಿಸುವಷ್ಟರಲ್ಲಿ ಈಕೆಯ ಅಂಗೈ ಕೆಂಪು ಗುಂಡಿಯ ಮೇಲಿದೆ.

ಬಣ್ಣಕ್ಕೂ ನೆಲಕ್ಕೂ ಒಂದು ಗೇಣು.

ಕೆಳಗಿಳಿಸಿ ತಟ್ಟುತ್ತಾರೆ. ಎಲ್ಲರೂ ಬಗ್ಗಿ ಕೇಳುತ್ತಾರೆ. ಮೊಂಡು ಸದ್ದು. ಒಂಬತ್ತರಲ್ಲಿ ನಾಲ್ಕು ಹೀಗೆಯೇ ಇವೆ.

ಚಹಾದ ಹೊತ್ತಿಗೆ ಸಾಲು ಮತ್ತೆ ಓಡುತ್ತಿದೆ. ಲೋಟ ಈಕೆಯ ಎಡಗೈಯಲ್ಲಿದೆ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿದೆ. ಪತ್ರ ವಾಪಸ್‌ ಪಡೆಯುತ್ತಾರಂತೆ. ಇನ್ನೇನು ಬೇಕು ಎಂದರೆ, ಸಾಲಿನತ್ತ ನೋಡುತ್ತಲೇ ಹೇಳುತ್ತಾರೆ:

“ಹತ್ತಕ್ಕೊಂದು ಸಾಲದು. ಐದಕ್ಕೊಂದು ತಟ್ಟೋಕೆ ಬಿಡ್ಲಿ. ಭುಜದ ಚಿಂತೆ ನಂಗಿರ್ಲಿ.”