ಚಾಳೀಸಿಗೆ ಹೊಸ ಹೆಸರಿಟ್ಟ ಡಾಕ್ಟರಬಾಯಿ

ಕಣ್ಣಿನ ವೈದ್ಯರೆಂದರೆ ಮುದುಕರ ಪೊರೆ ತೆಗೆಯುವವರು ಎಂದೇ ಜನ ತಿಳಿದಿದ್ದ ಕಾಲದಲ್ಲಿ, ಶಾಲೆಯ ಹಿಂದಿನ ಸಾಲಿನಲ್ಲಿ ಕುಳಿತು ಕಣ್ಣು ಕಿರಿದು ಮಾಡಿ ಕರಿಹಲಗೆ ನೋಡುವ ಮಕ್ಕಳ ಮೇಲೆ ಕಣ್ಣಿಟ್ಟವರು ಡಾ. ಶಿವಕಾಂತಾ ಮಟಕಿ. ಹತ್ತಿರದ್ದು ಕಂಡು ದೂರದ್ದು ಮಸುಕಾಗುವ ಸಮೀಪದೃಷ್ಟಿ ಎಂಬ ದೋಷವು ಬೆಳೆಯುವ ಮಕ್ಕಳಲ್ಲಿ ವರ್ಷದಿಂದ ವರ್ಷಕ್ಕೆ ಹೇಗೆ ಏರುತ್ತದೆ ಎಂಬುದನ್ನು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಶಾಲೆಗಳಲ್ಲಿ ತಾಳ್ಮೆಯಿಂದ ಅಳೆದು ನೋಡಿದ ಹಿರಿಮೆ ಅವರದು. ಮೂವತ್ತು ವರ್ಷಗಳ ಸೇವೆ ಮುಗಿಸಿ ಈ ವರ್ಷ, 1998ರಲ್ಲಿ, ನಿವೃತ್ತರಾಗಿರುವ ಅವರನ್ನು ಕುರಿತು ಬರೆಯಹೊರಟರೆ ಪದವಿ ಸನ್ಮಾನಗಳಿಗಿಂತ ಮೊದಲು ನೆನಪಿಗೆ ಬರುವುದು ಒಂದು ಶಬ್ದ. ಆ ಶಬ್ದ ಅವರನ್ನು ಒಮ್ಮೆ ಅಳಿಸಿತು, ಒಮ್ಮೆ ಹೊಟ್ಟೆ ಹುಣ್ಣಾಗುವಂತೆ ನಗಿಸಿತು, ಕೊನೆಗೆ ಅವರ ಎದುರು ಸೋತು ಮೂಲೆ ಸೇರಿತು.

ಆಳಂದ ತಾಲೂಕಿನ ಮಟಕಿಯ ರೈತ ಮಲ್ಲಣ್ಣನವರ ಎರಡನೆಯ ಮಗಳಾದ ಶಿವಕಾಂತಾ ಅವರು ವೈದ್ಯಕೀಯ ಓದಿ, ನೇತ್ರವೈದ್ಯದಲ್ಲಿ ಡಿಪ್ಲೊಮಾ ಪಡೆದು, 1968ರಲ್ಲಿ ಸರಕಾರಿ ಸೇವೆಗೆ ಸೇರಿದರು. ಮೊದಲ ವರ್ಷಗಳಲ್ಲಿ ಅವರಿಗೆ ಬಂದದ್ದು ಬರೀ ಕಣ್ಣಿನ ಕೆಲಸವಲ್ಲ. ಮೆಟ್ಟಿಲಬಾವಿಯ ನೀರು ಕುಡಿದು ಕಾಲಿನಲ್ಲಿ ನಾರುಹುಣ್ಣು ಎದ್ದವರು, ಇರುಳುಗಣ್ಣಿನ ಬಾಣಂತಿಯರು, ಹೊಗೆಯ ಒಲೆಯ ಮುಂದೆ ಕುಳಿತು ಕೆಮ್ಮುವ ಹೆಂಗಸರು, ಎಲ್ಲರೂ ಅವರ ಬಾಗಿಲಿಗೇ ಬಂದರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರೆಂದು ಅವರು ಬಾವಿಕಟ್ಟೆಯ ಮೇಲೆ ನಿಂತು ಹೇಳುವಾಗ, ಸೋಸಲು ಸ್ವಂತ ಸೀರೆಯ ಸೆರಗನ್ನೇ ಹಿಡಿದು ತೋರಿಸುತ್ತಿದ್ದರೆಂದೂ, ಮನೆಗೆ ಬಂದಾಗ ಸೆರಗು ಯಾವಾಗಲೂ ಒದ್ದೆಯಾಗಿರುತ್ತಿತ್ತೆಂದೂ ಅವರ ತಾಯಿ ಹೇಳುತ್ತಿದ್ದರು.

ಜೇವರ್ಗಿಗೆ ವರ್ಗವಾಗಿ ಬಂದ ಮೇಲೆ ಅವರು ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ನೋಡಲು ಶುರು ಮಾಡಿದರು. ಗಾಜುಗಳ ಪೆಟ್ಟಿಗೆ ಒಂದು ಕೈಯಲ್ಲಿ, ಶೇಂಗಾ ಬೆಲ್ಲದ ಚೀಲ ಇನ್ನೊಂದು ಕೈಯಲ್ಲಿ. ಜೊತೆಗೆ ಮಾತಿಗಿಂತ ಮೊದಲು ನಗುವ ನರ್ಸ್ ಫಕ್ರುನ್ನಿಸಾ. ಪಾಪೆ ಹಿಗ್ಗಿಸುವ ಹನಿ ಹಾಕಿದ ದಿನ ಮಕ್ಕಳಿಗೆ ಬಿಸಿಲು ಚುಚ್ಚುತ್ತದೆ, ಅಕ್ಷರ ಕಲಸುತ್ತದೆ. ಅದಕ್ಕಾಗಿ ಅವರು ಮಾಸ್ತರರಿಗೆ ಹೇಳಿ ಆ ದಿನದ ಮನೆಪಾಠ ಮಾಫ್ ಮಾಡಿಸಿ, ಬೇವಿನ ನೆರಳಿನಲ್ಲಿ ಮಕ್ಕಳನ್ನು ಕೂಡ್ರಿಸಿಕೊಂಡು ಶೇಂಗಾ ಹಂಚಿ ಕತೆ ಹೇಳುತ್ತಿದ್ದರು. ಇದರ ರುಚಿ ಹತ್ತಿ, ಹದ್ದಿನಂಥ ಕಣ್ಣಿದ್ದ ಹುಡುಗರೂ "ನನಗೂ ಹನಿ ಹಾಕ್ರಿ ಡಾಕ್ಟರಬಾಯಿ" ಎಂದು ಸಾಲಿಗೆ ನಿಲ್ಲತೊಡಗಿದರು.

1976ರಲ್ಲಿ ಯಡ್ರಾಮಿಯ ಶಾಲೆಯಲ್ಲಿ ಒಂಬತ್ತು ವರ್ಷದ ಶರಣಬಸಮ್ಮ ಎಂಬ ಹುಡುಗಿ ಸಿಕ್ಕಳು. ದಡ್ಡಿ ಎಂದು ಹಿಂದೆ ಕೂಡ್ರಿಸಿದ್ದ ಆ ಹುಡುಗಿಗೆ ಹಲಗೆಯೇ ಕಾಣುತ್ತಿರಲಿಲ್ಲ. ಡಾಕ್ಟರು ತಮ್ಮ ಮನೆಮಾತಿನಲ್ಲಿ, ಇಡೀ ತರಗತಿಯ ಮುಂದೆ, "ಈಕಿಗಿ ಚಾಳೀಸ ಬೇಕ್ರಿ" ಎಂದುಬಿಟ್ಟರು. ಮಕ್ಕಳು ಗೊಳ್ಳೆಂದು ನಕ್ಕರು. ನಮ್ಮ ಕಡೆ ಕಣ್ಣಿಗೆ ಹಾಕುವ ಗಾಜಿಗೆ ಚಾಳೀಸ ಎನ್ನುತ್ತಾರೆ. ಉರ್ದುವಿನಲ್ಲೂ ಮರಾಠಿಯಲ್ಲೂ ಆ ಶಬ್ದಕ್ಕೆ ನಲವತ್ತು ಎಂದರ್ಥ. ನಲವತ್ತು ತುಂಬಿದವರಿಗೆ ಸೂಜಿಗೆ ದಾರ ಪೋಣಿಸಲು ಗಾಜು ಬೇಕಾಗುವುದರಿಂದ, ಗಾಜಿಗೇ ವಯಸ್ಸಿನ ಹೆಸರು ಬಿದ್ದಿದೆ.

ಗಾಜು ತಯಾರಾಗಿ ಹುಡುಗಿಯ ಕೈ ಸೇರಿದ ಮರುದಿನವೇ ಅವಳ ಆಯಿ, ಅಂದರೆ ತಂದೆಯ ತಾಯಿ ಮಲ್ಕಮ್ಮ, ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿ ಜೇವರ್ಗಿ ಆಸ್ಪತ್ರೆಗೆ ಬಂದು ಮೇಜಿನ ಮೇಲಿಟ್ಟರು.

"ಡಾಕ್ಟರಬಾಯಿ, ನನಗ ಚಾಳೀಸ ಬರೂ ಹೊತ್ತಿಗಿ ಮನ್ಯಾಗ ಇಬ್ರು ಸೊಸೆಂದಿರು ಬಂದಿದ್ರು. ಈ ಕೂಸಿಗಿ ಇನ್ನಾ ಹಾಲಹಲ್ಲ ಪೂರಾ ಬಿದ್ದಿಲ್ಲ. ಈಕಿಗ್ಯಾಕ್ರಿ ಚಾಳೀಸ? ನಾಳಿ ಯಾರರ ಈಕೀನ್ನ ಲಗ್ನಾ ಮಾಡ್ಕೋತಾರೇನು? ಮ್ಯಾಲ ಇದನ್ನ ಹಾಕೊಂಡ್ರ ನಂಬರ ಏರ್ಕೋತ ಹೋಗ್ತದಂತ."

"ಏರೂದಿಲ್ಲ ಆಯಿ. ಹಂಗಂತ ಪುಸ್ತಕದಾಗ ಅದ."

"ಪುಸ್ತಕ ಬರದವ್ರು ನಮ್ಮ ಕೂಸುಗಳ್ನ ನೋಡಿ ಬರದಾರೇನ್ರಿ?"

ಹಲಗೆ ಕಾಣದಿದ್ದರೆ ಶಾಲೆ ಬಿಡಿಸುತ್ತೇವೆ, ಮನೆಯಲ್ಲಿ ಬೇಕಾದಷ್ಟು ಕೆಲಸವಿದೆ ಎಂದು ಹೇಳಿ ಆ ಅಜ್ಜಿ ಎದ್ದು ಹೋದಾಗ, ಡಾಕ್ಟರು ಆ ಪುಟ್ಟ ಗಾಜನ್ನು ಕೈಯಲ್ಲಿ ಹಿಡಿದುಕೊಂಡು ಅತ್ತರಂತೆ. ಇದನ್ನು ಅವರೇ ಮುಂದೆ ನಗುತ್ತ ಹೇಳಿದರು; ಆದರೆ ಆ ಪ್ರಶ್ನೆಯನ್ನು ಅವರು ನಗುತ್ತ ಬಿಡಲಿಲ್ಲ. ನಮ್ಮ ಮಕ್ಕಳನ್ನೇ ನೋಡಿ ಹೇಳಬೇಕು, ಅದೂ ಒಂದು ದಿನ ನೋಡಿ ಅಲ್ಲ, ಅವೇ ಮಕ್ಕಳನ್ನು ವರ್ಷ ವರ್ಷವೂ ಆರು ವರ್ಷ ನೋಡಿ ಹೇಳಬೇಕು ಎಂದು ನಿಶ್ಚಯಿಸಿ, ಮೂರು ತಾಲೂಕುಗಳಿಂದ ಒಂದೊಂದು ಶಾಲೆ ಆರಿಸಿದರು. ಹೀಗೆ ಮಾಡೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಬೇಡವೆಂದು ಹೇಳಿದವರು ಮಾತ್ರ ಬೇಕಾದಷ್ಟು ಜನ ಇದ್ದರು.

ಆ ಚಳಿಗಾಲದಲ್ಲಿ, ಆ ಮೂರರಲ್ಲಿ ಒಂದಾದ ಅಫಜಲಪುರದ ಕಡೆಯ ಶಾಲೆಗೆ ಹೋಗುವ ಮುನ್ನಾದಿನ ಅವರು ಬಸ್ ಕಂಡಕ್ಟರ್ ದಶರಥನ ಬಾಯಲ್ಲಿ ಹೆಡ್‌ಮಾಸ್ತರ ಜಗದೇವಪ್ಪನವರಿಗೆ ಸುದ್ದಿ ಕಳಿಸಿದರು: ನಾಳೆ ಚಾಳೀಸ ಹುಡುಗರನ್ನು ನಿಲ್ಲಿಸಿಕೊಂಡಿರಿ. ಹಿಂದಿನ ಸಲ ಗಾಜು ಕೊಟ್ಟ ನಾಲ್ಕಾರು ಮಕ್ಕಳನ್ನು ಎಂದು ಅವರ ಅರ್ಥ. ಮರುದಿನ ಹೋಗಿ ನೋಡಿದರೆ ಶಾಲೆಯ ಅಂಗಳದಲ್ಲಿ, ತಲೆಗೆ ಎಣ್ಣೆ ಹಚ್ಚಿ ಬಾಚಿಸಿಕೊಂಡು, ಎದೆ ಉಬ್ಬಿಸಿ, ಸರಿಯಾಗಿ ನಲವತ್ತು ಹುಡುಗರು ನಿಂತಿದ್ದರು!

"ಎಣಿಸಿ ತಗೋರಿ ಬಾಯಾರ," ಎಂದರು ಜಗದೇವಪ್ಪ ಮಾಸ್ತರರು ಹೆಮ್ಮೆಯಿಂದ, "ಒಂದು ಹೆಚ್ಚಿಲ್ಲ, ಒಂದು ಕಡಿಮಿಲ್ಲ."

ಫಕ್ರುನ್ನಿಸಾ ನಗು ತಡೆಯಲಾರದೆ ಪೆಟ್ಟಿಗೆಯ ಮೇಲೆಯೇ ಕುಳಿತುಬಿಟ್ಟರು. ಡಾಕ್ಟರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಆದರೆ ಎಣ್ಣೆ ಹಚ್ಚಿಕೊಂಡು ನಿಂತ ಮಕ್ಕಳನ್ನು ಹಾಗೆಯೇ ಕಳಿಸುವುದು ಹೇಗೆ? ಎಲ್ಲರಿಗೂ ಹನಿ ಹಾಕಿ, ಎಲ್ಲರ ಕಣ್ಣಿಗೂ ಬೆಳಕು ಬಿಟ್ಟು ನೋಡಿದರು. ಸಂಜೆಯ ಹೊತ್ತಿಗೆ ನಗು ನಿಂತು ಕುತೂಹಲ ಹುಟ್ಟಿತ್ತು. ಆ ಹುಡುಗರಲ್ಲಿ ಒಬ್ಬನಿಗೂ ಸಮೀಪದೃಷ್ಟಿ ಇರಲಿಲ್ಲ.

"ಇವರನ್ನ ಹ್ಯಾಂಗ ಆರಿಸಿದ್ರಿ ಸರ?" ಎಂದು ಕೇಳಿದರು.

"ಹ್ಯಾಂಗಂದ್ರ, ಓದೂ ಹುಡುಗ್ರನ್ನ ಒಳಗೇ ಇಟ್ಟೇನ್ರಿ, ಅವ್ರ ಪಾಠ ಕೆಡಬಾರ್ದಲ್ಲ. ಇವ್ರು ಹೊತ್ತ ಹುಟ್ಟಿದ್ರ ಹೊತ್ತ ಮುಣುಗೂತನಾ ಬಯಲಾಗೇ ಇರೂ ಮಂದಿ. ಕಬಡ್ಡಿ, ಎಮ್ಮಿ, ಹೊಳಿ. ಇವ್ರ ಪಾಠ ಕೆಡಾಕ ಏನರ ಉಳದಿದ್ರ ತಾನ!"

ಮರುವಾರ ಒಳಗಿದ್ದ ಹುಡುಗರನ್ನು ನೋಡಿದಾಗ ಗಾಜು ಬೇಕಾದವರು ಒಬ್ಬರ ಹಿಂದೊಬ್ಬರು ಸಿಕ್ಕರು. ಒಂದು ಶಬ್ದದ ಎಡವಟ್ಟಿನಿಂದ ಸಂಶೋಧನೆಗೆ ಎರಡನೆಯ ಪ್ರಶ್ನೆ ಸಿಕ್ಕಿತು: ಬಯಲಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ನಂಬರು ನಿಧಾನವಾಗಿ ಏರುತ್ತದೆಯೇ? ಅಂದಿನಿಂದ ಪ್ರತಿ ಮಗುವಿಗೂ ಎಷ್ಟು ಓದುತ್ತೀ ಎಂದು ಕೇಳುವುದರ ಜೊತೆಗೆ ಎಷ್ಟು ಹೊತ್ತು ಹೊರಗೆ ಆಡುತ್ತೀ ಎಂದೂ ಕೇಳತೊಡಗಿದರು. ಡಾಕ್ಟರೊಬ್ಬರು ತಮ್ಮ ಆಟದ ಬಗ್ಗೆ ಇಷ್ಟು ಗಂಭೀರವಾಗಿ ವಿಚಾರಿಸಿದ್ದು ಮಕ್ಕಳಿಗೆ ಬಹಳ ಸೇರಿತು.

ಆದರೆ ಅಫಜಲಪುರದಿಂದ ತಿರುಗಿ ಬರುವ ಬಸ್ಸಿನಲ್ಲಿ ಅವರ ತಲೆಯಲ್ಲಿ ಕೊರೆಯುತ್ತಿದ್ದುದು ಬೇರೆ. "ಫಕ್ರೂ, ತಪ್ಪು ಗಾಜಿಂದಲ್ಲ, ಹೆಸರಿಂದು," ಎಂದರು. "ಹೆಡ್‌ಮಾಸ್ತರಂಥಾ ಹೆಡ್‌ಮಾಸ್ತರರಿಗೇ ಚಾಳೀಸ ಅಂದ್ರ ನಲವತ್ತ ಕೇಳಸ್ತದ. ಇನ್ನ ಆ ಮುದುಕಿಗಿ ಮೊಮ್ಮಗಳ ಮುಖದ ಮ್ಯಾಲ ನಲವತ್ತ ವರ್ಷ ಕಾಣಲಾರದೇ ಇರ್ತದೇನು?"

ಬೇರೆ ಹೆಸರಿಗಾಗಿ ಅವರು ಬಹಳ ದೂರ ಹುಡುಕಬೇಕಾಗಲಿಲ್ಲ. ಶಾಲೆಯ ಕನ್ನಡ ಪುಸ್ತಕದಲ್ಲಿ ಅದು ಕುಳಿತೇ ಇತ್ತು. ನಮ್ಮ ಕಡೆಯ ಬಾಯಿಗೆ ಮಾತ್ರ ಬಂದಿರಲಿಲ್ಲ. ಮುಂದಿನ ರವಿವಾರ ಅವರು ಆ ಪುಟ್ಟ ಗಾಜನ್ನು ಎತ್ತಿಕೊಂಡು ಯಡ್ರಾಮಿಗೆ ಮಲ್ಕಮ್ಮನ ಮನೆಗೆ ಹೋದರು. ಮುದುಕಿ ಚಾಳೀಸ ಹಾಕಿಕೊಂಡು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು.

"ಆಯಿ, ನಾ ಅವತ್ತ ತಪ್ಪ ಹೇಳಿದ್ದೆ. ಈಕಿಂದು ಚಾಳೀಸ ಅಲ್ಲ. ಇದಕ್ಕ ಕನ್ನಡಕ ಅಂತಾರ."

"ಹೆಸರ ಬದಲಾದ್ರ ಗಾಜ ಬದಲಾಗ್ತದೇನ್ರಿ?"

"ನೀವೇ ನೋಡ್ರಲ್ಲ," ಎನ್ನುತ್ತ ಡಾಕ್ಟರು ಅಜ್ಜಿಯ ಚಾಳೀಸ ತೆಗೆದು ಮೊಮ್ಮಗಳಿಗೂ, ಮೊಮ್ಮಗಳ ಗಾಜನ್ನು ಅಜ್ಜಿಗೂ ಹಾಕಿದರು. ಮಲ್ಕಮ್ಮ ಮೊರದ ಕಡೆ ಬಗ್ಗಿದರು. ಬೇಳೆ ಯಾವುದು, ಹರಳು ಯಾವುದು ಒಂದೂ ತಿಳಿಯಲಿಲ್ಲ. ಶರಣಬಸಮ್ಮ ಬಾಗಿಲಾಚೆ ನೋಡಿ, "ಆಯಿ, ಇದ್ದದ್ದೂ ಹೋತು!" ಎಂದು ಕೂಗಿದಳು. ಮಲ್ಕಮ್ಮ ಬೊಚ್ಚುಬಾಯಿ ತೆರೆದು ನಕ್ಕರು. "ಅಯ್ಯ ಖರೇನ! ಇದು ಬ್ಯಾರೇನೇ ಅದ ಬಿಡ್ರಿ. ನಂದು ಚಾಳೀಸ, ಈಕಿಂದು... ಏನಂದ್ರಿ ಅದಕ?"

ಗಾಜುಗಳು ತಮ್ಮ ತಮ್ಮ ಮೂಗು ಸೇರಿದವು. ಹುಡುಗಿ ಹೊಸ್ತಿಲಲ್ಲಿ ನಿಂತು ಹಾದಿಯ ಕಡೆ ನೋಡಿದವಳು ಇದ್ದಕ್ಕಿದ್ದಂತೆ ಚೀರಿದಳು: "ಬಸ್ಸಿನ ಹಣಿ ಮ್ಯಾಲ ಜೇವರ್ಗಿ ಅಂತ ಬರದಾರ!" ಅಲ್ಲಿಯವರೆಗೆ ಬಸ್ಸಿಗೆ ಹಣೆಬರಹ ಇರುತ್ತದೆಂದೇ ಆ ಮಗುವಿಗೆ ಗೊತ್ತಿರಲಿಲ್ಲ. ಸೋಮವಾರ ಅವಳು ಶಾಲೆಗೆ ಹೋದಳು. ಮೂರೂ ಶಾಲೆಗಳಲ್ಲಿ ಡಾಕ್ಟರು ಅಂದಿನಿಂದ ಚಾಳೀಸ ಎಂಬ ಮಾತನ್ನು ಮಕ್ಕಳ ಮುಂದೆ ಆಡಲಿಲ್ಲ, ಮಾಸ್ತರರಿಗೂ ಆಡಗೊಡಲಿಲ್ಲ. ಬಾಯಿ ತಪ್ಪಿ ಆಡಿದವರು ಮಕ್ಕಳಿಗೆ ಶೇಂಗಾ ಕೊಡಬೇಕೆಂಬ ಕಾಯಿದೆ ಮಾಡಿದ್ದರು. ಜಗದೇವಪ್ಪ ಮಾಸ್ತರರು ಅದರಲ್ಲಿ ಸಾಕಷ್ಟು ಶೇಂಗಾ ಕಳೆದುಕೊಂಡರು.

ಎಲ್ಲವೂ ಹೂವಿನ ಹಾದಿಯಾಗಿತ್ತೆಂದು ಹೇಳಿದರೆ ಶಿವಕಾಂತಾ ಅವರೇ ಒಪ್ಪಲಾರರು. ಎರಡನೆಯ ವರ್ಷ ಶರಣಬಸಮ್ಮನ ನಂಬರು ಏರಿತು. ಅವಳ ತಂದೆ ಮಲ್ಕಪ್ಪ ಸಿಟ್ಟಿನಿಂದ ಬಂದು, "ಏರೂದಿಲ್ಲ ಅಂದಿದ್ರಿ. ಏರಿತಲ್ರಿ!" ಎಂದು ಕೇಳಿದರು. ಪುಸ್ತಕದ ಮಾತು ಹೇಳಿ ಬಾಯಿ ಮುಚ್ಚಿಸುವುದು ಡಾಕ್ಟರಿಗೆ ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. "ಏರ್ಯದ್ರಿ. ಹಾಕೊಂಡದ್ದಕ್ಕ ಏರ್ಯದೋ, ಬೆಳಿಯೂ ವಯಸ್ಸಿಗಿ ಏರ್ಯದೋ, ನನಗ ಇವತ್ತ ಗೊತ್ತಿಲ್ಲ. ಗೊತ್ತು ಮಾಡಕೊಳ್ಳಾಕತ್ತೇನಿ. ಆದ್ರ ಆಕಿಗಿ ಇವತ್ತ ಹಲಗಿ ಕಾಣಸ್ತದ," ಎಂದರು. ಮಗನ ಹಿಂದೆ ಬಂದಿದ್ದ ಮಲ್ಕಮ್ಮನೇ ತೀರ್ಪು ಕೊಟ್ಟರು: "ಇರಲಿ ಬಿಡೋ. ಕಾಣೂತನಾ ಕಾಣಲಿ."

ಆರು ವರ್ಷ ಮುಗಿದು 1982 ಬಂತು. ಯಾರಿಗೂ ಅವರು ಬೇಕೆಂದು ಕನ್ನಡಕ ತಪ್ಪಿಸಿರಲಿಲ್ಲ. ಎಷ್ಟು ಹೇಳಿದರೂ ತಾವಾಗಿಯೇ ಬಿಟ್ಟವರು ಪ್ರತಿ ಶಾಲೆಯಲ್ಲಿಯೂ ಇದ್ದರು. ಹಾಕಿಕೊಂಡವರ ನಂಬರು ಬಿಟ್ಟವರದಕ್ಕಿಂತ ಹೆಚ್ಚು ಏರಿರಲಿಲ್ಲ. ಹೊರಗೆ ಆಡುವ ಮಕ್ಕಳಲ್ಲಿ ಏರಿಕೆ ನಿಧಾನವಾಗಿತ್ತು. ನೇತ್ರವೈದ್ಯರ ಸಮ್ಮೇಳನವೊಂದರಲ್ಲಿ ಇದನ್ನು ಓದಿದಾಗ, ಬಯಲಿಗೂ ಕಣ್ಣಿಗೂ ಏನು ಸಂಬಂಧ, ಕಾರಣವೇನು ಎಂದು ಹಿರಿಯರೊಬ್ಬರು ಕೇಳಿದರು. "ಕಾರಣ ಗೊತ್ತಿಲ್ಲ ಸರ್, ಕಂಡದ್ದು ಇಷ್ಟು," ಎಂದು ಹೇಳಿ ಕುಳಿತರಂತೆ. ವಿದ್ವತ್ತಿನ ಸಭೆಗಳಲ್ಲಿ ಗೊತ್ತಿಲ್ಲವೆಂಬ ಮಾತು ಎಷ್ಟು ಅಪರೂಪವೆಂದು ಬಲ್ಲವರಿಗೆ ಆ ಉತ್ತರದ ಬೆಲೆ ತಿಳಿದೀತು.

ಸಮ್ಮೇಳನಕ್ಕಿಂತ ಮೊದಲೇ ಅವರು ಯಡ್ರಾಮಿಗೆ ಹೋಗಿದ್ದರು. "ಆಯಿ, ಹಾಕೊಂಡ್ರ ಏರೂದಿಲ್ಲ. ಈ ಸಲ ನಮ್ಮ ಕೂಸುಗಳ್ನ ನೋಡೇ ಹೇಳಾಕತ್ತೇನಿ," ಎಂದರು. ಮಲ್ಕಮ್ಮ, "ನಾ ಕೇಳಿದ್ನೇನ್ರಿ ಇದನ್ನ? ಮರತೇ ಹೋಗ್ಯದ," ಎಂದರು. ಆಮೇಲೆ ಡಾಕ್ಟರ ಮುಖವನ್ನು ದಿಟ್ಟಿಸಿ, ಅವರು ಕಾಗದ ಓದಲು ಹಾಕಿಕೊಂಡಿದ್ದ ಹೊಸ ಗಾಜನ್ನು ಕಂಡು ಚಪ್ಪಾಳೆ ತಟ್ಟಿದರು: "ಅಯ್ಯ, ನಿಮಗೂ ಚಾಳೀಸ ಬಂತಲ್ರಿ ಡಾಕ್ಟರಬಾಯಿ!"

ಮುಂದಿನ ಹದಿನಾರು ವರ್ಷಗಳಲ್ಲಿ ಅವರು ಆಳಂದದಲ್ಲಿಯೂ ಅಫಜಲಪುರದಲ್ಲಿಯೂ ಸೇವೆ ಮಾಡಿ ತಿರುಗಿ ಜೇವರ್ಗಿಗೇ ಬಂದರು; ಕಿರಿಯ ವೈದ್ಯರಿಗೆ ಕಲಿಸಿದರು, ಹೊರಗೆ ಆಡುವ ಒಂದು ತಾಸನ್ನು ಯಾವ ಪರೀಕ್ಷೆಗಾಗಿಯೂ ಕಸಿಯಬೇಡಿರೆಂದು ಮಾಸ್ತರರೊಡನೆ ಜಗಳವಾಡಿದರು. ಶರಣಬಸಮ್ಮ ಓದಿ, ಯಡ್ರಾಮಿಯ ಅದೇ ಶಾಲೆಗೆ ಶಿಕ್ಷಕಿಯಾದರು. ಲಗ್ನವೂ ಆಯಿತು, ಲಗ್ನದ ಫೋಟೋದಲ್ಲಿ ಬಾಸಿಂಗದ ಕೆಳಗೆ ಕನ್ನಡಕ ಹೊಳೆಯುತ್ತಿರುವುದನ್ನು ಶಿವಕಾಂತಾ ಅವರು ಎಲ್ಲರಿಗೂ ತೋರಿಸುತ್ತಾರೆ.

ಕಳೆದ ತಿಂಗಳು ಜೇವರ್ಗಿಯಲ್ಲಿ ಅವರಿಗೆ ಬೀಳ್ಕೊಡುಗೆ ನಡೆಯಿತು. ಶಾಲು, ಹಾರ, ಭಾಷಣಗಳಾದವು. ಶರಣಬಸಮ್ಮ ಎಂಟು ವರ್ಷದ ಮಗಳನ್ನು ಕರೆತಂದಿದ್ದರು. ತಾಯಿಯ ಕಣ್ಣು ಮಗಳಿಗೂ ಬಂದು, ಮೂಗಿನ ಮೇಲೆ ಪುಟ್ಟ ಗಾಜು ಏರಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಆ ಮಗುವಿನ ಗಲ್ಲ ಹಿಡಿದು, "ಏನಬೇ, ಇಷ್ಟ ಸಣ್ಣಾಕಿಗಿ ಚಾಳೀಸ ಬಂತು?" ಎಂದು ಕಾಡಿಸಿದರು. ಶರಣಬಸಮ್ಮನ ಮುಖ ಒಂದು ಗಳಿಗೆ ಬಿಗಿಯಿತು. ಮಗು ಮಾತ್ರ, ಇಷ್ಟೂ ತಿಳಿಯದವರು ಇರುತ್ತಾರಲ್ಲ ಎಂಬಂತೆ ಅವರನ್ನು ನೋಡಿತು.

"ಚಾಳೀಸ ಮುದುಕರಿಗಿ ಬರ್ತದ ಮುತ್ಯಾ. ಇದು ಕನ್ನಡಕ."

ವೇದಿಕೆಯ ಮೇಲಿದ್ದ ಡಾಕ್ಟರಿಗೆ ಅದು ಕೇಳಿಸಿತು. ಹೊದಿಸಿದ ಶಾಲಿನ ತುದಿಯಿಂದ ತಮ್ಮ ಚಾಳೀಸನ್ನು ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು, ಆಮೇಲೆ ಮೈಯೆಲ್ಲ ಅಲುಗುವಂತೆ ನಕ್ಕರು. ಅಂದು ಅವರಿಗೆ ಸಂದ ಸನ್ಮಾನಗಳಲ್ಲಿ ಹಿರಿದು ಯಾವುದೆಂದು ಸಭೆಯಲ್ಲಿದ್ದ ಯಾರಿಗೂ ಅನುಮಾನ ಉಳಿಯಲಿಲ್ಲ.

ನಿವೃತ್ತಿಯ ಮರುದಿನವೇ ಅವರು ಗಾಜುಗಳ ಪೆಟ್ಟಿಗೆ ಎತ್ತಿಕೊಂಡು ಮಟಕಿಯ ಶಾಲೆಗೆ ಹೋದರೆಂದು ಸುದ್ದಿ. ಹೋಗಲಿ, ಆ ಪೆಟ್ಟಿಗೆಯೂ ಶೇಂಗಾದ ಚೀಲವೂ ಅವರ ಕೈಗೆ ಎಂದೂ ಭಾರವಾಗದಿರಲಿ. ನಲವತ್ತಕ್ಕೆ ಬರುವ ಗಾಜಿಗೆ ಹಿರಿಯರು ಚಾಳೀಸ ಎಂದು ಹೆಸರಿಟ್ಟರು, ಒಂಬತ್ತಕ್ಕೆ ಬರುವ ಗಾಜಿಗೆ ನಮ್ಮ ಡಾಕ್ಟರಬಾಯಿ ಹೆಸರು ಹುಡುಕಿ ತಂದರು. ನೂರು ತುಂಬಿದವರು ಹಾಕಿಕೊಳ್ಳುವ ಗಾಜಿಗೆ ನಮ್ಮ ಕಡೆ ಇನ್ನೂ ಹೆಸರಿಲ್ಲ. ಅವರು ನೂರು ತುಂಬಿಸಿ, ಅದನ್ನೂ ಹುಡುಕುವ ಕೆಲಸವನ್ನು ನಮ್ಮ ಪಾಲಿಗೆ ತರಲಿ.